ಹೆರಾಲ್ಡ್ ವಾಷಿಂಗ್ಟನ್: ಮಷೀನ್‌ನೊಳಗೇ ಬೆಳೆದು ಅದರ ಬುಡಕ್ಕೇ ಕೈಹಾಕಿದ ಶಿಕಾಗೋ ಮೇಯರ್

ತುಂಗಾತೀರ:

ಹೆರಾಲ್ಡ್ ವಾಷಿಂಗ್ಟನ್ ಬಗ್ಗೆ ಯಾರೇ ಬರೆದರೂ 'ಶಿಕಾಗೋದ ಮೊದಲ ಕಪ್ಪು ಮೇಯರ್' ಅನ್ನುವಲ್ಲಿಂದ ಶುರು ಮಾಡುತ್ತಾರೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದು ದೊಡ್ಡ ವಿಷಯವೇ. ಆದರೆ ಅವರ ಬದುಕನ್ನು ಓದುತ್ತಾ ಹೋದ ಹಾಗೆ ನನ್ನನ್ನು ಜಾಸ್ತಿ ಹಿಡಿದಿದ್ದು ಇನ್ನೊಂದು ಸಂಗತಿ. ಯಾವ ಪಕ್ಷದ ವ್ಯವಸ್ಥೆಯಲ್ಲಿ ಹುಟ್ಟಿ, ಕೆಲಸ ಕಲಿತು, ಮೇಲೆ ಬಂದರೋ, ಅಧಿಕಾರ ಸಿಕ್ಕ ಮೇಲೆ ಅದೇ ವ್ಯವಸ್ಥೆಯ ಬುಡಕ್ಕೆ ಕೈಹಾಕಿದರು. ಅದರ ಲಾಭ ಈಗ ತಮಗೇ ಸಿಗುತ್ತಿತ್ತು ಅಂತ ಗೊತ್ತಿದ್ದೂ ಹಾಗೆ ಮಾಡಿದರು. ಇದರ ಬಗ್ಗೆ ಇಲ್ಲಿ ಮಾತಾಡೋಣ ಅನ್ನಿಸಿತು.

ಹಿನ್ನೆಲೆ ಹೇಳುತ್ತೇನೆ. ಅವರು ಹುಟ್ಟಿದ್ದು 1922ರ ಏಪ್ರಿಲ್ 15ರಂದು, ಶಿಕಾಗೋದಲ್ಲೇ. ತಂದೆ ರಾಯ್ ವಾಷಿಂಗ್ಟನ್ ವಕೀಲರು, ಮೆಥಡಿಸ್ಟ್ ಪಾದ್ರಿ, ಜೊತೆಗೆ ಡೆಮಾಕ್ರಟಿಕ್ ಪಕ್ಷದ ಪ್ರಿಸಿಂಕ್ಟ್ ಕ್ಯಾಪ್ಟನ್. ನಮ್ಮಲ್ಲಿ ಬೂತ್ ಮಟ್ಟದ ಮುಖಂಡರು ಇರುತ್ತಾರಲ್ಲ, ಹತ್ತಿರ ಹತ್ತಿರ ಅದೇ ಕೆಲಸ. ಅಪ್ಪ ಅಮ್ಮ ಬೇರೆಯಾದರು, ಹುಡುಗ ಬೆಳೆದಿದ್ದು ಅಪ್ಪನ ಹತ್ತಿರ. ಮನೆಯಲ್ಲಿ ರಾಜಕೀಯದ ಮಾತು ಇಲ್ಲದ ದಿನ ಇರಲಿಲ್ಲ ಅಂತಲೇ ಊಹಿಸಬಹುದು. ಡ್ಯೂಸಾಬಲ್ ಹೈಸ್ಕೂಲಿನಲ್ಲಿ ಹರ್ಡಲ್ಸ್ ಓಟದಲ್ಲಿ ಹೆಸರು ಮಾಡಿದರು. ಶಾಲೆ ಮುಗಿಸದೆಯೇ ಬಿಟ್ಟು ಮಾಂಸ ಸಂಸ್ಕರಿಸುವ ಕಾರ್ಖಾನೆಯಲ್ಲಿ ದುಡಿದರು. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ವಿಮಾನಗಳ ರನ್‌ವೇ ಕಟ್ಟುವ ಪಡೆಯಲ್ಲಿದ್ದರು. ವಾಪಸ್ ಬಂದು ರೂಸ್‌ವೆಲ್ಟ್ ಕಾಲೇಜು ಸೇರಿದರು. ಆಗ ಕಪ್ಪು ವಿದ್ಯಾರ್ಥಿಗಳನ್ನು ಬಾಗಿಲಲ್ಲೇ ತಡೆಯದ ಕಾಲೇಜುಗಳೇ ಕಡಿಮೆ, ಇದು ಅವುಗಳಲ್ಲಿ ಒಂದು. ಅಲ್ಲಿ 1949ರಲ್ಲಿ ಪದವಿ. 1952ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ.

ಅಪ್ಪ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಮಗ ಬಂದರು. ಮೂರನೇ ವಾರ್ಡಿನಲ್ಲಿ ರಾಲ್ಫ್ ಮೆಟ್‌ಕಾಫ್ ಕೈಕೆಳಗೆ ಕೆಲಸ. ಈ ಮೆಟ್‌ಕಾಫ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ಹಿಂದೆಯೇ ಓಡಿ 100 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದವರು. ಹೆರಾಲ್ಡ್ 1965ರಿಂದ ಇಲಿನಾಯ್ ರಾಜ್ಯದ ಕೆಳಮನೆ, 1976ರ ನಂತರ ಮೇಲ್ಮನೆ, 1981ರಿಂದ ಅಮೆರಿಕದ ಸಂಸತ್ತಿನಲ್ಲಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ದಿನಕ್ಕೆ ಇಲಿನಾಯ್‌ನಲ್ಲಿ ಸರ್ಕಾರಿ ರಜೆ ಸಿಗಲು ಹಟ ಹಿಡಿದು ದುಡಿದವರು ಇವರೇ. ದೇಶಕ್ಕೇ ರಜೆ ಆಗುವುದಕ್ಕೆ ಎಷ್ಟೋ ವರ್ಷ ಮೊದಲು, 1973ರಲ್ಲಿ.

1983ರಲ್ಲಿ ಮೇಯರ್. 1987ರಲ್ಲಿ ಮತ್ತೆ ಗೆಲುವು. ಅದೇ ವರ್ಷ ನವೆಂಬರ್ 25ರಂದು ಕಚೇರಿಯ ಮೇಜಿನ ಮುಂದೆ ಕೂತಿದ್ದಾಗಲೇ ಹೃದಯಾಘಾತ. 65 ವಯಸ್ಸು. ಅಧಿಕಾರದಲ್ಲಿದ್ದಿದ್ದು ನಾಲ್ಕೂವರೆ ವರ್ಷ ಮಾತ್ರ. ಅಷ್ಟರಲ್ಲೇ ಆ ನಗರದ ರಾಜಕೀಯ ಬದಲಾಯಿತು ಅಂತ ನಾನು ನಂಬುತ್ತೇನೆ. ನಿಮಗೇನನ್ನಿಸುತ್ತೆ?

ಸಂಜೆಮಲ್ಲಿಗೆ:

ತುಂಗಾತೀರ ಅವರೇ, ಒಂದು ವಿಷಯ ಬಿಡಿಸಿ ಹೇಳಿ. 'ವ್ಯವಸ್ಥೆಯ ಬುಡಕ್ಕೆ ಕೈಹಾಕಿದರು' ಅಂದರೆ ನಿಜವಾಗಿ ಏನು ಮಾಡಿದರು? ಭ್ರಷ್ಟಾಚಾರ ತೆಗೀತೀನಿ ಅಂತ ಎಲ್ಲ ರಾಜಕಾರಣಿಗಳೂ ಹೇಳುತ್ತಾರೆ.

ತುಂಗಾತೀರ:

ಸರಿಯಾದ ಪ್ರಶ್ನೆ ಮೇಡಂ. ಶಿಕಾಗೋದವರು ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಸಂಘಟನೆಗೆ 'ಮಷೀನ್' ಅಂತಲೇ ಹೇಳುತ್ತಿದ್ದರು. ಅದನ್ನು ಪೂರ್ತಿ ಬಲಕ್ಕೆ ತಂದವರು ರಿಚರ್ಡ್ ಜೆ. ಡೇಲಿ. 1955ರಿಂದ 1976ರಲ್ಲಿ ಸಾಯುವವರೆಗೂ ಮೇಯರ್. ಪಕ್ಷದ ಅಧ್ಯಕ್ಷರೂ ಅವರೇ.

ಕೆಲಸ ನಡೆಯುತ್ತಿದ್ದಿದ್ದು ಹೀಗೆ. ಪಾಲಿಕೆ ಮತ್ತು ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಥರದ ಆಡಳಿತ) 30,000ಕ್ಕೂ ಹೆಚ್ಚು ನೌಕರಿಗಳು ಪಕ್ಷದ ಕೈಯಲ್ಲಿದ್ದವು. ಕಸದ ಲಾರಿಯಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ. ನೌಕರಿ ಬೇಕು ಅಂದರೆ ವಾರ್ಡಿನ ಮುಖಂಡನ ಪತ್ರ ಬೇಕು. ನೌಕರಿ ಸಿಕ್ಕವನು ಚುನಾವಣೆ ಬಂದಾಗ ತನ್ನ ಬೀದಿಯ ವೋಟು ತಂದುಕೊಡಬೇಕು. ವೋಟು ಕಡಿಮೆ ಬಿತ್ತು ಅಂದರೆ ಕೆಲಸಕ್ಕೆ ಕುತ್ತು. ಕಪ್ಪು ಜನರ ವಾರ್ಡುಗಳು ಈ ಲೆಕ್ಕಕ್ಕೆ ಸಾಲು ಸಾಲಾಗಿ ವೋಟು ಕೊಟ್ಟವು, ಆದರೆ ಒಳ್ಳೆಯ ಶಾಲೆ, ಮನೆ, ಉದ್ಯಾನ ಅವರಿಗೆ ಬರಲಿಲ್ಲ. ಉದ್ಯಾನಗಳ ವಿಷಯದಲ್ಲಂತೂ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನರ ಬಡಾವಣೆಗಳನ್ನು ಕಡೆಗಣಿಸಿದ್ದೀರಿ ಅಂತ 1982ರಲ್ಲಿ ಕೇಂದ್ರ ಸರ್ಕಾರವೇ ಕೋರ್ಟಿಗೆ ಹೋಯಿತು.

ಮೈಕೆಲ್ ಶಕ್‌ಮನ್ ಅನ್ನುವ ವಕೀಲರು 1969ರಲ್ಲಿ ಈ ನೌಕರಿ ಪದ್ಧತಿಯ ವಿರುದ್ಧ ದಾವೆ ಹಾಕಿದ್ದರು. ರಾಜಕೀಯ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ 1972ರಲ್ಲಿ ಒಪ್ಪಂದವಾಯಿತು. ರಾಜಕೀಯ ನೋಡಿ ಸೇರಿಸಿಕೊಳ್ಳುವ ಹಾಗೂ ಇಲ್ಲ ಅನ್ನುವ ಎರಡನೇ ಭಾಗಕ್ಕೆ ಒಪ್ಪಿ ಜಾರಿಗೆ ತಂದದ್ದು 1983ರಲ್ಲಿ, ವಾಷಿಂಗ್ಟನ್ ಆಡಳಿತ. ಇಲ್ಲೇ ನೋಡಿ ವಿಶೇಷ. ಅಷ್ಟು ವರ್ಷ ಬೇರೆಯವರು ನೌಕರಿ ಹಂಚಿದ್ದನ್ನು ನೋಡಿದ್ದ ಅವರ ಬೆಂಬಲಿಗರು 'ಈಗ ನಮ್ಮ ಸರದಿ' ಅಂತ ಕಾಯುತ್ತಿದ್ದರು. ಆ ಹೊತ್ತಿಗೇ ಇವರು ಹಂಚುವ ಕೈಯನ್ನೇ ಕಟ್ಟಿಹಾಕಿದರು. ಜೊತೆಗೆ ಪಾಲಿಕೆಯ ದಾಖಲೆಗಳನ್ನು ಜನ ಕೇಳಿ ನೋಡಬಹುದು ಅನ್ನುವ ಆದೇಶವನ್ನು ಬಂದ ಹೊಸತರಲ್ಲೇ ಹೊರಡಿಸಿದರು.

ಲೆಕ್ಕದಮೇಷ್ಟ್ರು:

ಅವರು ಗೆದ್ದ ಚುನಾವಣೆಯ ಅಂಕಿಗಳನ್ನು ನೋಡಬೇಕು. ಅದನ್ನು ಬಿಟ್ಟು ಈ ಕಥೆ ಅರ್ಥವಾಗುವುದಿಲ್ಲ.

1977ರಲ್ಲೂ ಅವರು ಮೇಯರ್ ಸ್ಥಾನಕ್ಕೆ ನಿಂತಿದ್ದರು. ಆಗ ಪಕ್ಷದೊಳಗಿನ ಚುನಾವಣೆಯಲ್ಲಿ ಸಿಕ್ಕಿದ್ದು ಸುಮಾರು 11% ಮಾತ್ರ. ಆರು ವರ್ಷದಲ್ಲಿ ಏನು ಬದಲಾಯಿತು? ಮತದಾರರ ಪಟ್ಟಿ. 1982ರಲ್ಲಿ ಕಪ್ಪು ಬಡಾವಣೆಗಳಲ್ಲಿ ಹೆಸರು ನೋಂದಾಯಿಸುವ ದೊಡ್ಡ ಅಭಿಯಾನ ನಡೆಯಿತು. ಅವರನ್ನು ನಿಲ್ಲಿ ಅಂತ ಕೇಳಲು ಹೋದವರಿಗೆ 'ಮೊದಲು 50,000 ಹೊಸ ಮತದಾರರನ್ನು ತನ್ನಿ, ಹಣ ಕೂಡಿಸಿ, ಆಮೇಲೆ ಮಾತಾಡೋಣ' ಅನ್ನುವ ಷರತ್ತು ಹಾಕಿದರು. ಜನ 1,00,000ಕ್ಕೂ ಹೆಚ್ಚು ಹೆಸರು ಸೇರಿಸಿದರು! ಚರ್ಚುಗಳು, ರೇಡಿಯೋ, ಸಹಾಯಧನದ ಕಚೇರಿಗಳ ಮುಂದಿನ ಸಾಲುಗಳು, ಎಲ್ಲ ಕಡೆ ನೋಂದಣಿ.

1983ರ ಫೆಬ್ರವರಿ 22ರಂದು ಡೆಮಾಕ್ರಟಿಕ್ ಪಕ್ಷದೊಳಗಿನ ಚುನಾವಣೆ. ಎದುರಿಗೆ ಹಾಲಿ ಮೇಯರ್ ಜೇನ್ ಬರ್ನ್ ಮತ್ತು ಹಳೆಯ ಡೇಲಿಯ ಮಗ ರಿಚರ್ಡ್ ಎಂ. ಡೇಲಿ. ಬಿಳಿಯರ ವೋಟು ಇಬ್ಬರಲ್ಲಿ ಒಡೆಯಿತು. ವಾಷಿಂಗ್ಟನ್ 36%, ಬರ್ನ್ 34%ಗೆ ಹತ್ತಿರ, ಡೇಲಿ ಸುಮಾರು 30%.

ಶಿಕಾಗೋದಲ್ಲಿ 1931ರ ನಂತರ ರಿಪಬ್ಲಿಕನ್ ಮೇಯರ್ ಬಂದೇ ಇರಲಿಲ್ಲ. ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಗೆದ್ದ ಹಾಗೆಯೇ. ಈ ಸಲ ಮಾತ್ರ ಪಕ್ಷದ ಎಷ್ಟೋ ವಾರ್ಡ್ ಮುಖಂಡರು ಬಹಿರಂಗವಾಗಿಯೇ ರಿಪಬ್ಲಿಕನ್ ಬರ್ನಾರ್ಡ್ ಎಪ್ಟನ್ ಕಡೆ ಹೋದರು. ಕಾರಣ ಬಣ್ಣ, ಬೇರೇನೂ ಅಲ್ಲ. ಏಪ್ರಿಲ್ 12ರಂದು ವಾಷಿಂಗ್ಟನ್‌ಗೆ 6,68,000 ಚಿಲ್ಲರೆ ವೋಟು, ಎಪ್ಟನ್‌ಗೆ 6,20,000ದಷ್ಟು. ಅಂತರ 48,000 ಮಾತ್ರ. ಹೊಸದಾಗಿ ಹೆಸರು ಸೇರಿಸಿದವರ ಸಂಖ್ಯೆಯ ಪಕ್ಕ ಈ ಅಂತರವನ್ನು ಇಟ್ಟು ನೋಡಿ.

ಲ್ಯಾಟಿನೋ ಜನರನ್ನು ಮರೆಯಬಾರದು. ಫೆಬ್ರವರಿಯಲ್ಲಿ ಅವರಲ್ಲಿ ಸ್ವಲ್ಪ ಜನ ಮಾತ್ರ ವಾಷಿಂಗ್ಟನ್ ಕಡೆ ಇದ್ದರು. ಏಪ್ರಿಲ್‌ನಲ್ಲಿ ದೊಡ್ಡ ಬಹುಮತ ಈ ಕಡೆ ಬಂತು. ಮಿಷಿಗನ್ ಸರೋವರದ ದಂಡೆಯ ಬಡಾವಣೆಗಳ ಉದಾರವಾದಿ ಬಿಳಿಯರೂ ಒಂದಷ್ಟು ಜನ ಸೇರಿದರು. ಬರೀ ಕಪ್ಪು ಮತಗಳಿಂದ ಆ ಗೆಲುವು ಬರುತ್ತಿರಲಿಲ್ಲ.

ಇಲಿನಾಯ್‌ಕನ್ನಡಿಗ:

ಶಿಕಾಗೋ ಹೊರವಲಯದಿಂದ ಬರೆಯುತ್ತಿದ್ದೇನೆ. ಇಲ್ಲಿಯ ಹಳಬರು ಆ ಏಪ್ರಿಲ್ ಬಗ್ಗೆ ಈಗಲೂ ಮಾತಾಡುತ್ತಾರೆ. ನೀಲಿ ಬಣ್ಣದ ಮೇಲೆ ಬಿಳಿ ಸೂರ್ಯಕಿರಣಗಳಿದ್ದ ಪ್ರಚಾರದ ಬ್ಯಾಡ್ಜನ್ನು ಕೆಲವರು ಜೋಪಾನ ಮಾಡಿ ಇಟ್ಟುಕೊಂಡಿದ್ದಾರೆ.

ಪ್ರಚಾರ ಎಷ್ಟು ಕೆಟ್ಟದಾಗಿತ್ತು ಅಂದರೆ, ಎಪ್ಟನ್ ಪರ ಜಾಹೀರಾತು 'ತಡವಾಗುವ ಮುನ್ನ' ಎಪ್ಟನ್‌ಗೆ ವೋಟು ಹಾಕಿ ಅನ್ನುತ್ತಿತ್ತು. ಏನಕ್ಕೆ ತಡ ಅಂತ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಈಸ್ಟರ್‌ಗೆ ಒಂದು ವಾರ ಮೊದಲಿನ ಭಾನುವಾರ ವಾಷಿಂಗ್ಟನ್ ಮತ್ತು ಮಾಜಿ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ವಾಯವ್ಯ ಭಾಗದ ಸೇಂಟ್ ಪ್ಯಾಸ್ಕಲ್ ಚರ್ಚಿಗೆ ಹೋದರು. ಹೊರಗೆ ಗುಂಪು ಕೂಗಿ ಬೈಯಿತು. ಚರ್ಚಿನ ಬಾಗಿಲ ಮೇಲೆ ಜನಾಂಗದ ಬೈಗುಳ ಬರೆದಿದ್ದರು. ಅದು ದೇಶದಾದ್ಯಂತ ಟಿವಿಯಲ್ಲಿ ಬಂತು. ಪ್ರಾರ್ಥನೆಯ ದಿನ, ಪ್ರಾರ್ಥನೆಯ ಜಾಗದಲ್ಲಿ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ದುಃಖದ ವಿಷಯ ಏನೆಂದರೆ, ಎಪ್ಟನ್ ಮೊದಲಿಂದ ಅಂಥ ಮನುಷ್ಯ ಅಂತ ಹೆಸರು ಪಡೆದವರಲ್ಲ. ಶಿಕಾಗೋದ ಹೈಡ್ ಪಾರ್ಕ್ ಬಡಾವಣೆ ಕಡೆಯ ಮಿತವಾದಿ, ವಾಷಿಂಗ್ಟನ್ ಜೊತೆ ರಾಜ್ಯದ ಶಾಸನಸಭೆಯಲ್ಲೇ ಕೂತವರು. ಗೆಲ್ಲುವ ಆಸೆ ಕಂಡಾಗ ಆ ಅಲೆಯ ಮೇಲೆ ಕೂತರು.

ಕಾಫಿತೋಟ:

ಎಲ್ಲರೂ ಹೊಗಳುತ್ತಿದ್ದೀರಿ. ಇನ್ನೊಂದು ಕಡೆಯನ್ನೂ ಹೇಳಬೇಕಲ್ವಾ? ವಾಷಿಂಗ್ಟನ್ ಜೈಲಿಗೆ ಹೋಗಿ ಬಂದವರು. ನಾಲ್ಕು ವರ್ಷ ಆದಾಯ ತೆರಿಗೆಯ ಲೆಕ್ಕ ಸಲ್ಲಿಸದ ಕಾರಣಕ್ಕೆ 1972ರಲ್ಲಿ ಒಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಒಳಗಿದ್ದರು. ಕಕ್ಷಿದಾರರಿಂದ ಹಣ ತೆಗೆದುಕೊಂಡು ಕೆಲಸ ಮಾಡಲಿಲ್ಲ ಅಂತ ವಕೀಲಿಕೆಯ ಪರವಾನಗಿಯೂ ಕೆಲವು ವರ್ಷ ಅಮಾನತಾಗಿತ್ತು. ಬಣ್ಣ ನೋಡದೆ, ಬರೀ ಇದನ್ನು ನೋಡಿ ವೋಟು ಹಾಕದವರೂ ಇದ್ದಿರಬಹುದು.

ತುಂಗಾತೀರ:

ಇದ್ದಿರಬಹುದು ಸರ್. ಅವರ ತಪ್ಪು ತಪ್ಪೇ. ಅವರ ವೈಯಕ್ತಿಕ ಲೆಕ್ಕಪತ್ರ ಯಾವಾಗಲೂ ಚೆಲ್ಲಾಪಿಲ್ಲಿ, ಕಾಗದಪತ್ರದ ಕಡೆ ಗಮನವೇ ಇರಲಿಲ್ಲ ಅಂತ ಹತ್ತಿರದವರೂ ಹೇಳುತ್ತಿದ್ದರು. ಬಾಕಿ ಇದ್ದ ತೆರಿಗೆ 508 ಡಾಲರ್. ಸಣ್ಣ ಮೊತ್ತ ಅನ್ನುವುದು ನೆಪವಾಗುವುದಿಲ್ಲ. ಆದರೆ ನಾನು ತೂಗಿ ನೋಡುವುದು ಹೀಗೆ: ಸ್ವಂತ ಕಾಗದಗಳಲ್ಲಿ ಅಷ್ಟು ಅಸಡ್ಡೆ ಇದ್ದ ಮನುಷ್ಯ ಸಾರ್ವಜನಿಕ ಹಣ, ಸಾರ್ವಜನಿಕ ನೌಕರಿ ವಿಷಯದಲ್ಲಿ ಬಿಗಿ ಹಿಡಿದರು. 1987ರಲ್ಲಿ ನಗರಕ್ಕೆ ನೈತಿಕ ನಡತೆಯ ಕಾಯಿದೆ ಬಂದದ್ದು ಅವರ ಕಾಲದಲ್ಲೇ. ಕಾಫಿತೋಟ ಸರ್, ಎಪ್ಟನ್ ಪ್ರಚಾರ ಕೂಡ ಈ ಜೈಲಿನ ಕಥೆಯನ್ನೇ ಮುಂದಿಟ್ಟಿತ್ತು. ಅದು ಕೇಳಬೇಕಾದ ಪ್ರಶ್ನೆಯೇ. ಚರ್ಚಿನ ಬಾಗಿಲ ಮೇಲೆ ಬರೆದವರು ಮಾತ್ರ ತೆರಿಗೆ ಬಗ್ಗೆ ಬರೆದಿರಲಿಲ್ಲ.

ಸಂಜೆಮಲ್ಲಿಗೆ:

ಗೆದ್ದ ಮೇಲೆ ಆಡಳಿತ ನಡೆಸಲು ಬಿಟ್ಟರಾ? ಬೆಂಗಳೂರಿನಲ್ಲಿ ಒಂದು ವರ್ಷದ ಮೇಯರ್‌ಗಳನ್ನು ನೋಡಿದ ನಮಗೆ ಅಲ್ಲಿಯ ಮೇಯರ್ ಅಂದರೆ ಮುಖ್ಯಮಂತ್ರಿ ಥರ ಅನ್ನಿಸುತ್ತದೆ.

ಲೆಕ್ಕದಮೇಷ್ಟ್ರು:

ಬಿಡಲಿಲ್ಲ ಮೇಡಂ. ಅಲ್ಲಿ ಮೇಯರ್ ನೇರವಾಗಿ ಜನರಿಂದ ನಾಲ್ಕು ವರ್ಷಕ್ಕೆ ಆಯ್ಕೆಯಾಗುತ್ತಾರೆ, ನಿಜ. ಆದರೆ 50 ವಾರ್ಡುಗಳಿಂದ 50 ಆಲ್ಡರ್‌ಮನ್‌ಗಳ, ಅಂದರೆ ನಮ್ಮ ಕಾರ್ಪೊರೇಟರ್‌ಗಳಂಥವರ, ಸಭೆಯೂ ಇದೆ. ಬಜೆಟ್, ನೇಮಕಾತಿ, ಸಮಿತಿ ಎಲ್ಲಕ್ಕೂ ಆ ಸಭೆಯ ಒಪ್ಪಿಗೆ ಬೇಕು.

1983ರ ಮೇ 2ರಂದು ಮೊದಲ ಸಭೆ. ಎಡ್ವರ್ಡ್ ವ್ರ್ಡೋಲ್ಯಾಕ್ ಮತ್ತು ಎಡ್ವರ್ಡ್ ಬರ್ಕ್ ಮುಂದಾಳತ್ವದಲ್ಲಿ 29 ಜನ ಒಂದಾಗಿದ್ದರು. ಮೇಯರ್ ಕಡೆ 21. ಮೇಯರ್ ಸಭೆ ಮುಂದೂಡಿ ಹೊರನಡೆದರು, ಅವರ ಕಡೆಯವರೂ ಹಿಂದೆ ಹೋದರು. ಆ 29 ಜನ ಅಲ್ಲೇ ಕೂತು ನಿಯಮ ಪಾಸು ಮಾಡಿ, ಎಲ್ಲ ಮುಖ್ಯ ಸಮಿತಿಗಳನ್ನು ತಮ್ಮವರಿಗೆ ಹಂಚಿಕೊಂಡರು. ಕೋರ್ಟು ಅದನ್ನು ಎತ್ತಿ ಹಿಡಿಯಿತು.

ಆಮೇಲೆ ಮೂರು ವರ್ಷ ಎಳೆದಾಟ. ಮೇಯರ್ ನೇಮಿಸಿದವರನ್ನು ಸಭೆ ಒಪ್ಪುತ್ತಿರಲಿಲ್ಲ. ಸಭೆ ಪಾಸು ಮಾಡಿದ್ದನ್ನು ಮೇಯರ್ ವೀಟೋ ಮಾಡುತ್ತಿದ್ದರು. ವೀಟೋ ಮುರಿಯಲು 34 ವೋಟು ಬೇಕು, ವಿರೋಧಿಗಳ ಹತ್ತಿರ 29 ಇತ್ತು. ಇಬ್ಬರಿಗೂ ಮುಂದೆ ಹೋಗಲು ದಾರಿಯಿಲ್ಲ. ಪತ್ರಿಕೆಗಳು ನಗರವನ್ನು, ಆಗ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಲೆಬನಾನ್ ರಾಜಧಾನಿಗೆ ಹೋಲಿಸಿ, 'ಸರೋವರದ ದಂಡೆಯ ಬೈರೂತ್' ಅಂದವು.

ಗಂಟು ಬಿಚ್ಚಿದ್ದು ವಾರ್ಡಿನ ನಕ್ಷೆಯಿಂದ. ಹಿಂದಿನ ಮೇಯರ್ ಕಾಲದಲ್ಲಿ ವಾರ್ಡುಗಳ ಗಡಿ ಎಳೆದ ರೀತಿಯಲ್ಲಿ ಕಪ್ಪು ಮತ್ತು ಲ್ಯಾಟಿನೋ ಜನರ ವೋಟಿಗೆ ಅನ್ಯಾಯವಾಗಿದೆ ಅಂತ ಕೇಂದ್ರದ ನ್ಯಾಯಾಲಯ ಹೇಳಿತು. ಏಳು ವಾರ್ಡುಗಳಿಗೆ 1986ರ ಮಾರ್ಚ್‌ನಲ್ಲಿ ಮತ್ತೆ ಚುನಾವಣೆ, ಎರಡು ವಾರ್ಡಿಗೆ ಏಪ್ರಿಲ್‌ನಲ್ಲಿ ಮರುಸುತ್ತು. ಕೊನೆಗೆ 25-25. ಸಮಬಲವಾದರೆ ನಿರ್ಣಾಯಕ ವೋಟು ಮೇಯರ್‌ದು. ಆ ದಿನದಿಂದ ಆಡಳಿತ ನಿಜವಾಗಿ ಅವರ ಕೈಗೆ ಬಂತು. ಅಂದರೆ ಕೈ ಬಿಚ್ಚಿ ಕೆಲಸ ಮಾಡಲು ಸಿಕ್ಕಿದ್ದು ಒಂದೂವರೆ ವರ್ಷ.

ಇಲಿನಾಯ್‌ಕನ್ನಡಿಗ:

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಸಭೆ ಅಡ್ಡ ಬಂದಾಗಲೂ ಮೇಯರ್ ತನ್ನ ಸಹಿಯಿಂದಲೇ ಮಾಡಬಹುದಾದ ಕೆಲಸಗಳಿದ್ದವು. 1985ರ ಮಾರ್ಚ್‌ನಲ್ಲಿ ಒಂದು ಆದೇಶ ಹೊರಡಿಸಿದರು. ನಗರದ ಸೇವೆ ಕೇಳಿ ಬಂದವರ ಪೌರತ್ವ, ವಲಸೆಯ ಸ್ಥಿತಿ ಏನು ಅಂತ ಪಾಲಿಕೆಯ ನೌಕರರು ವಿಚಾರಿಸಬಾರದು ಅಂತ. ಇಂದು ಶಿಕಾಗೋ ವಲಸಿಗರಿಗೆ ಆಶ್ರಯ ನೀಡುವ ನಗರ ಅಂತ ಹೆಸರು ಪಡೆದಿದ್ದರೆ ಅದರ ಬೇರು ಈ ಆದೇಶದಲ್ಲಿದೆ. ನಮ್ಮಂತೆ ಬೇರೆ ದೇಶದಿಂದ ಬಂದು ಇಲ್ಲಿ ಬದುಕು ಕಟ್ಟಿಕೊಂಡವರು ಇದನ್ನು ತಿಳಿದಿರಬೇಕು. ಅದೇ ವರ್ಷ ನಗರದ ಗುತ್ತಿಗೆಗಳಲ್ಲಿ 25% ಅಲ್ಪಸಂಖ್ಯಾತರ, 5% ಮಹಿಳೆಯರ ಕಂಪನಿಗಳಿಗೆ ಹೋಗಬೇಕು ಅಂತಲೂ ಗುರಿ ಇಟ್ಟರು. ಮೊದಲ ಕಪ್ಪು ಪೊಲೀಸ್ ಮುಖ್ಯಸ್ಥ ಫ್ರೆಡ್ ರೈಸ್ ಅವರನ್ನು ನೇಮಿಸಿದ್ದೂ ಇವರೇ.

ಮಲೆನಾಡುಮಳೆ:

ನಾನು ನಗರ ಯೋಜನೆ ಓದಿದವಳು. ವಾಷಿಂಗ್ಟನ್ ನನಗೂ ಇಷ್ಟ, ಆದರೆ ಬಡಾವಣೆಗಳ ಕಡೆಯಿಂದ ನೋಡಿದರೆ ಚಿತ್ರ ಮಿಶ್ರವಾಗಿದೆ.

ಒಳ್ಳೆಯದು ಅಂದರೆ, ಹಣ ಪೇಟೆಯ ನಡುಭಾಗಕ್ಕೆ ಮಾತ್ರ ಹರಿಯುತ್ತಿದ್ದುದನ್ನು ಬಡಾವಣೆಗಳ ಕಡೆ ತಿರುಗಿಸಿದರು. ರಸ್ತೆ, ಚರಂಡಿ, ಫುಟ್‌ಪಾತ್. ಇದಕ್ಕಾಗಿ ಬಾಂಡ್ ಮೂಲಕ ಸಾಲ ಎತ್ತುವ ಯೋಜನೆಯನ್ನು ಆ 29 ಜನ ತಡೆದಾಗ ಮೇಯರ್ ಸುಮ್ನೆ ಕೂರಲಿಲ್ಲ. ವಿರೋಧಿಗಳ ವಾರ್ಡುಗಳಿಗೇ ಹೋಗಿ 'ನಿಮ್ಮ ಬೀದಿಗೆ ಬರಬೇಕಾದ ಡಾಂಬರು ಇದು' ಅಂತ ಅಲ್ಲಿಯ ನಿವಾಸಿಗಳಿಗೆ ತಿಳಿಸಿದರು. ಜನರ ಒತ್ತಡಕ್ಕೆ ಸದಸ್ಯರು ಬಾಗಬೇಕಾಯಿತು. ತನಗೆ ವೋಟು ಹಾಕದ ಬಿಳಿ ಬಡಾವಣೆಗಳಿಗೂ ಪಾಲು ಹೋಯಿತು.

ಆದರೆ ಸರ್ಕಾರಿ ವಸತಿ ಸಮುಚ್ಚಯಗಳ ಸ್ಥಿತಿ ಅವರ ಕಾಲದಲ್ಲಿ ಸುಧಾರಿಸಲಿಲ್ಲ. ಆಡಳಿತ ಹದಗೆಟ್ಟೇ ಇತ್ತು, ಅಲ್ಲಿದ್ದವರು ಹೆಚ್ಚಿನವರು ಅವರಿಗೇ ವೋಟು ಹಾಕಿದ ಬಡ ಕಪ್ಪು ಕುಟುಂಬಗಳು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ವಿಸ್ಕಾನ್ಸಿನ್ ಸ್ಟೀಲ್ 1980ರಲ್ಲೇ ಬಾಗಿಲು ಹಾಕಿತ್ತು. ಅದನ್ನು ತಡೆಯುವ ಶಕ್ತಿ ಒಬ್ಬ ಮೇಯರ್‌ಗೆ ಇರಲಿಲ್ಲ, ಒಪ್ಪುತ್ತೇನೆ. ಶಾಲೆಗಳ ವಿಷಯದಲ್ಲಿ ತಡವಾಗಿ ಎಚ್ಚೆತ್ತರು. 1987ರಲ್ಲಿ ಶಿಕ್ಷಕರ ಮುಷ್ಕರ 19 ದಿನ ನಡೆದ ಮೇಲೆ ಪೋಷಕರನ್ನೂ ಕೂರಿಸಿ ದೊಡ್ಡ ಸಮಾಲೋಚನೆ ಶುರು ಮಾಡಿದರು. ಅದರ ಫಲ 1988ರ ಕಾನೂನು, ಪ್ರತಿ ಶಾಲೆಗೂ ಪೋಷಕರೇ ಹೆಚ್ಚಿರುವ ಚುನಾಯಿತ ಸಮಿತಿ. ಅಷ್ಟರಲ್ಲಿ ಅವರೇ ಇರಲಿಲ್ಲ.

ಕಾಫಿತೋಟ:

ನನ್ನ ಅನುಮಾನ ಇಲ್ಲೇ. ಮಲೆನಾಡುಮಳೆ ಅವರು ಹೇಳಿದ ಹಾಗೆ ಎಲ್ಲವೂ ಅರ್ಧಕ್ಕೆ. ಅವರು ಸತ್ತ ವಾರದಲ್ಲೇ ಅವರ ಕೂಟ ಒಡೆಯಿತು. 1989ರಲ್ಲಿ ಡೇಲಿಯ ಮಗ ಬಂದು 2011ರವರೆಗೆ ಕೂತರು. ಅವರ ಕಾಲದಲ್ಲಿ ಪಾಲಿಕೆಯ ನೌಕರಿಗಳನ್ನು ಕಳ್ಳದಾರಿಯಲ್ಲಿ ಹಂಚಿದ್ದಕ್ಕೆ ರಾಬರ್ಟ್ ಸೊರಿಚ್ ಅನ್ನುವ ಅಧಿಕಾರಿಗೆ 2006ರಲ್ಲಿ ಶಿಕ್ಷೆಯೂ ಆಯಿತು. ಮಷೀನ್ ಸಾಯಲಿಲ್ಲ ಅಂದಮೇಲೆ ವಾಷಿಂಗ್ಟನ್ ಸಾಧಿಸಿದ್ದೇನು?

ಲೆಕ್ಕದಮೇಷ್ಟ್ರು:

ಕೂಟ ಒಡೆದ ರಾತ್ರಿಯ ಲೆಕ್ಕವನ್ನು ಹೇಳಿಬಿಡುತ್ತೇನೆ. ಉತ್ತರಾಧಿಕಾರಿಯನ್ನು ಆರಿಸಲು ಸಭೆ ಸೇರಿದ್ದು ಡಿಸೆಂಬರ್ 1ರ ಸಂಜೆ. ವಾಷಿಂಗ್ಟನ್ ಕಡೆಯ ಇಬ್ಬರು ಕಪ್ಪು ಸದಸ್ಯರು ಎದುರುಬದುರು: ತಿಮೋಥಿ ಇವಾನ್ಸ್ ಮತ್ತು ಯೂಜೀನ್ ಸಾಯರ್. ಹೊರಗೆ ಸಾವಿರಾರು ಜನ ಚಳಿಯಲ್ಲಿ ನಿಂತು ಒಳಒಪ್ಪಂದ ಬೇಡ ಅಂತ ಕೂಗುತ್ತಿದ್ದರು. ಬೆಳಗಿನ ಜಾವ 4 ಗಂಟೆಗೆ 29-19ರಲ್ಲಿ ಸಾಯರ್ ಗೆದ್ದರು. ಅವರಿಗೆ ಬಂದ ವೋಟುಗಳಲ್ಲಿ ಬಹುಪಾಲು ವಾಷಿಂಗ್ಟನ್ ವಿರೋಧಿ ಬಿಳಿ ಸದಸ್ಯರವು. ಜನರ ಮೆಚ್ಚುಗೆ ಹೆಚ್ಚು ಇದ್ದದ್ದು ಇವಾನ್ಸ್‌ಗೆ. ಆ ಗಾಯ ಮಾಯಲಿಲ್ಲ. 1989ರಲ್ಲಿ ಎರಡೂ ಬಣ ಬೇರೆ ಬೇರೆಯಾಗಿ ನಿಂತು ಡೇಲಿ ಗೆದ್ದರು.

ತುಂಗಾತೀರ:

ಕಾಫಿತೋಟ ಸರ್, ನಿಮ್ಮ ಪ್ರಶ್ನೆ ನನ್ನನ್ನೂ ಕಾಡಿದೆ. ಎರಡನೇ ಸಾಲಿನ ನಾಯಕರನ್ನು ಅವರು ಬೆಳೆಸಲಿಲ್ಲ, ಯಾರು ಮುಂದೆ ಅನ್ನುವುದನ್ನು ತೀರ್ಮಾನಿಸಿ ಇಡಲಿಲ್ಲ. ಅದು ದೊಡ್ಡ ಕೊರತೆ. ಆರೋಗ್ಯ ನೋಡಿಕೊಳ್ಳದೆ, ತೂಕ ಏರಿಸಿಕೊಂಡು, ಹಗಲುರಾತ್ರಿ ದುಡಿದರು. ಕುಟುಂಬ ಅಂತ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಆದ ಮದುವೆ ಮುರಿದು ದಶಕಗಳೇ ಆಗಿದ್ದವು.

ಆದರೆ ಸೊರಿಚ್ ಪ್ರಕರಣವನ್ನು ನಾನು ನಿಮ್ಮ ಮಾತಿಗೆ ವಿರುದ್ಧವಾಗಿ ಓದುತ್ತೇನೆ. ಹಳೆಯ ಡೇಲಿ ಕಾಲದಲ್ಲಿ ಪಕ್ಷ ನೋಡಿ ನೌಕರಿ ಕೊಡುವುದು ರಾಜಾರೋಷವಾಗಿ ನಡೆಯುತ್ತಿತ್ತು. ಮಗನ ಕಾಲಕ್ಕೆ ಅದನ್ನೇ ಮಾಡಲು ಸಂದರ್ಶನದ ಅಂಕಗಳನ್ನು ತಿದ್ದಬೇಕಾಯಿತು, ಸಿಕ್ಕಿಬಿದ್ದಾಗ ಜೈಲಿಗೆ ಹೋಗಬೇಕಾಯಿತು. ಮಧ್ಯೆ 1983ರ ಒಪ್ಪಂದ ಇದ್ದದ್ದರಿಂದಲೇ ಅಲ್ವಾ? ಆ ಒಪ್ಪಂದದ ಕೆಳಗೆ ಕೋರ್ಟಿನ ಕಣ್ಗಾವಲು ನಗರದ ಮೇಲೆ 2014ರವರೆಗೂ ಇತ್ತು. ವಾಷಿಂಗ್ಟನ್ ಹೋಗಿ 27 ವರ್ಷ ಆದ ಮೇಲೂ ಅವರ ಸಹಿ ಕೆಲಸ ಮಾಡುತ್ತಿತ್ತು.

ಮಲೆನಾಡುಮಳೆ:

ತುಂಗಾತೀರ ಅವರ ಈ ಮಾತನ್ನು ನಾನು ಒಪ್ಪುತ್ತೇನೆ. ಎರಡನೇ ಸಾಲು ಬೆಳೆಸಲಿಲ್ಲ ಅನ್ನುವುದನ್ನು ಮಾತ್ರ ಪೂರ್ತಿ ಒಪ್ಪಲಾರೆ. ಮೇಯರ್ ಕುರ್ಚಿಗೆ ಬೆಳೆಸಲಿಲ್ಲ, ಅಷ್ಟೇ. 1986ರ ಆ ಏಳು ವಾರ್ಡುಗಳ ಚುನಾವಣೆಯಲ್ಲಿ ಗೆದ್ದು ಬಂದ ಲೂಯಿಸ್ ಗುಟಿಯೆರೆಸ್ ಮತ್ತು ಹೆಸೂಸ್ ಗಾರ್ಸಿಯಾ ಇಬ್ಬರೂ ಮುಂದೆ ಸಂಸತ್ತಿಗೆ ಹೋದರು. ರಾಜ್ಯದ ಶಾಸನಸಭೆಯಲ್ಲಿ ವಾಷಿಂಗ್ಟನ್ ಪರ ಕೆಲಸ ಮಾಡಿದ ಕ್ಯಾರಲ್ ಮೋಸ್ಲಿ ಬ್ರಾನ್ 1992ರಲ್ಲಿ ಅಮೆರಿಕದ ಸೆನೆಟ್‌ಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. ಬರಾಕ್ ಒಬಾಮಾ 1985ರಲ್ಲಿ ದಕ್ಷಿಣ ಶಿಕಾಗೋದ ಬಡಾವಣೆಗಳಲ್ಲಿ ಸಂಘಟನೆ ಮಾಡಲು ಬಂದಾಗ ಮೇಯರ್ ಆಗಿದ್ದವರು ವಾಷಿಂಗ್ಟನ್. ಆ ನಗರವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ ಅಂತ ಒಬಾಮಾ ಅವರೇ ಹೇಳಿದ್ದಾರೆ.

ಸಂಜೆಮಲ್ಲಿಗೆ:

ಆ ಇವಾನ್ಸ್ ಮತ್ತು ಎದುರಾಳಿಗಳು ಏನಾದರು?

ಇಲಿನಾಯ್‌ಕನ್ನಡಿಗ:

ಇವಾನ್ಸ್ ರಾಜಕೀಯ ಬಿಟ್ಟು ನ್ಯಾಯಾಧೀಶರಾದರು. 2001ರಲ್ಲಿ ಕುಕ್ ಕೌಂಟಿ ಸರ್ಕ್ಯೂಟ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ ಎರಡು ದಶಕಕ್ಕೂ ಜಾಸ್ತಿ ಆ ಸ್ಥಾನದಲ್ಲಿದ್ದರು. ವ್ರ್ಡೋಲ್ಯಾಕ್ 1987ರಲ್ಲಿ ಬೇರೆ ಪಕ್ಷದಿಂದ ವಾಷಿಂಗ್ಟನ್ ವಿರುದ್ಧವೇ ನಿಂತು ಸೋತರು. ಆಮೇಲೆ ರಿಪಬ್ಲಿಕನ್ ಆದರು. 2008ರಲ್ಲಿ ವಂಚನೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರು. ಬರ್ಕ್ 54 ವರ್ಷ ಆ ಸಭೆಯಲ್ಲೇ ಇದ್ದು 2023ರಲ್ಲಿ ಹೊರಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭ್ರಷ್ಟಾಚಾರದ ಆರೋಪಗಳಲ್ಲಿ ಅಪರಾಧಿ ಅಂತ ತೀರ್ಪಾಗಿ, 2024ರಲ್ಲಿ ಎರಡು ವರ್ಷದ ಜೈಲು ಶಿಕ್ಷೆಯಾಯಿತು.

ಶಿಕಾಗೋಗೆ ಬರುವವರಿದ್ದರೆ ಸ್ಟೇಟ್ ಸ್ಟ್ರೀಟ್‌ನ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯಕ್ಕೆ ಹೋಗಿ. 1991ರಲ್ಲಿ ತೆರೆದ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ. ನಗರಕ್ಕೆ ಸರಿಯಾದ ಮುಖ್ಯ ಗ್ರಂಥಾಲಯ ಬೇಕು ಅಂತ ಅದರ ಕೆಲಸಕ್ಕೆ ಚಾಲನೆ ಕೊಟ್ಟವರು ಅವರೇ, ದೊಡ್ಡ ಓದುಗರೂ ಆಗಿದ್ದರು. ಒಂಬತ್ತನೇ ಮಹಡಿಗೆ ತಪ್ಪದೆ ಹತ್ತಿ. ಟಿಕೆಟ್ ಏನೂ ಇಲ್ಲ.